ಹದಿನೈದು ಚೌಕದ ತಲೆ

"ತಲೆ ಬದಲಾಯ್ಸೋದು ಸುಲಭ ಕಣಕ್ಕಾ. ಕುತ್ತಿಗೆ ಕೂಡ್ಸೋದೇ ಕಷ್ಟ."

ಇಂಗಂತ ದಿನಕ್ಕೆ ನಾಕು ಸಲ ಹೇಳ್ತಿದ್ದೋರು ಹೋದ್ವಾರ ಹಾಸನದಲ್ಲಿ ತೀರ್ಕೊಂಡ್ರು. ಸುದ್ದಿ ಬಂದಿದ್ದು ಈ ಫೋನಿಗೇನೆ. ವಾಟ್ಸಾಪ್ ಗುಂಪಲ್ಲಿರೋರೆಲ್ಲ ಕೈ ಮುಗಿದಿರೋ ಬೊಂಬೆ ಹಾಕಿದ್ರು, ನಾನೂ ಒಂದು ಹಾಕ್ದೆ. ಹಾಕಿದ್ಮೇಲೆ ಅನ್ನಿಸ್ತು, ಆಯಮ್ಮಂಗೆ ಒಂದು ಬೊಂಬೆ ಹಾಕಿ ಮುಗಿಸ್ಬುಟ್ರೆ ನಂಗೆ ಅನ್ನ ಇಳಿಯಲ್ಲ ಅಂತ. ಮೊಮ್ಮಗಳು ಈ ಬೇಸಿಗೇಲಿ ಫೋನಲ್ಲಿ ಕನ್ನಡ ಒತ್ತೋದು ಹೇಳ್ಕೊಟ್ಟವ್ಳೆ. ಒಂದೇ ಬೆರಳು. ತಪ್ಪಿದ್ರೆ ನೀವೇ ಸರಿ ಮಾಡ್ಕೊಂಡು ಓದ್ಕಳಿ. ನಂಗೆ ಊರೋರ ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ಸಾಕಾಗೈತೆ, ಈಗ ನಿಮ್ಮ ಸರದಿ.

ಹೆಸ್ರು ಬರೆಯಲ್ಲ. ಆಯಮ್ಮಂಗೆ ತಮ್ಮ ಕ್ಲಾಸಿನ ಬೋರ್ಡ್ ಮೇಲೆ ಹೆಸ್ರು ಬರ್ಸೋದೂ ಇಷ್ಟ ಇರ್ಲಿಲ್ಲ. ಚನ್ನರಾಯಪಟ್ಟಣದಲ್ಲಿ ಎಲ್ಲಾರೂ ಕಂಪ್ಯೂಟ್ರು ಮಿಸ್ಸು ಅಂತಿದ್ರು, ನಾನೂ ಮಿಸ್ಸೇ ಅಂತಿದ್ದೆ. ಅವ್ರಿಗೆ ನಾನು ಅಕ್ಕ.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರ್ಬೇಕು. ನಮ್ಮನೆಯವ್ರದ್ದು ಕೊಬ್ಬರಿ ವ್ಯಾಪಾರ. ಮನೆ ಮುಂದೆ ರಸ್ತೆ ಕಡೆ ಒಂದು ರೂಮಿತ್ತು, ಚೀಲ ಹಾಕಕ್ಕೆ. ಅದನ್ನ ಖಾಲಿ ಮಾಡಿ ಬಾಡಿಗೆಗೆ ಕೊಡ್ತೀವಿ ಅಂತ ಬಾಯಿ ಮಾತಲ್ಲಿ ಹೇಳಿದ್ವಿ, ಅಷ್ಟೇ. ಒಂದು ಬೆಳಿಗ್ಗೆ ಲಗೇಜ್ ಆಟೋ ಬಂದು ನಿಂತ್ಕೊಂತು. ಹಿಂದ್ಗಡೆ ಒಬ್ಬ ಹೆಂಗಸು ಕೂತವ್ಳೆ, ತೊಡೆ ಮೇಲೆ ದುಪ್ಪಟಿ ಸುತ್ತಿರೋ ಏನನ್ನೋ ಅಪ್ಪಿ ಹಿಡ್ಕೊಂಡು. ಜಗಲಿ ಮೇಲಿದ್ದ ನಮ್ಮತ್ತೆ ನೋಡಿ ಒಳಕ್ಕೆ ಕೂಗಿದ್ರು, "ಅಮ್ಮಿ, ಯಾರೋ ಬಾಣಂತಿ ಬಂದವ್ಳೆ, ನೀರು ಕಾಯ್ಸು!"

ದುಪ್ಪಟಿ ಬಿಚ್ಚಿದ್ರೆ ಕಂಪ್ಯೂಟ್ರು. ಅತ್ತೆ ಮುಖ ಸಪ್ಪಗಾಯ್ತು. ಮಿಸ್ಸು ನಗ್ತಾ ಅದನ್ನ ಅವ್ರ ಮುಂದೆ ಇಟ್ಟು, "ದೃಷ್ಟಿ ತೆಗೀರಿ ಅಜ್ಜಿ, ಅರಕಲಗೂಡಿಂದ ತೊಡೆ ಮೇಲೇ ತಂದಿದ್ದೀನಿ" ಅಂದ್ರು. ಅತ್ತೆ ನಿಜವಾಗ್ಲೂ ಉಪ್ಪು ಮೆಣಸಿನಕಾಯಿ ಇಳೆ ತೆಗೆದ್ರು.

ಆಗ ಆಯಮ್ಮಂಗೆ ಮೂವತ್ತು ಮೂವತ್ತೆರಡು. ಕುಳ್ಳಗೆ, ಕಪ್ಪಗೆ, ಮಣಿಕಟ್ಟಷ್ಟು ದಪ್ಪದ ಜಡೆ. ಜಡೆಯೊಳಗೆ ಪೆನ್ನು ಸಿಗ್ಸಿ ಇಡೋರು, ಆಮೇಲೆ ಮೇಜೆಲ್ಲ ಹುಡ್ಕೋರು. ಸೀರೆ ಉಟ್ಟು ಕ್ಯಾನ್ವಾಸ್ ಶೂ ಹಾಕ್ಕಳೋರು. ಮಂಡೀಲಿರೋ ಗಂಡಸ್ರು ನೋಡಿ ನಕ್ರೆ ತಿರುಗಿ ನಿಂತು, "ಯಾಕಣ್ಣಾ, ನಿಮ್ಗೂ ಒಂದು ಜೊತೆ ತರ್ಲಾ?" ಅಂತ ಕೇಳೋರು. ರೂಮಿನೊಳಕ್ಕೆ ಮಾತ್ರ ಯಾರೂ ಮೆಟ್ಟಿಕೊಂಡು ಹೋಗಂಗಿಲ್ಲ, ಧೂಳು ಬಿದ್ರೆ ಕಂಪ್ಯೂಟ್ರಿಗೆ ಕೆಮ್ಮು ಬರುತ್ತೆ ಅಂತ. ಬಾಗ್ಲಲ್ಲಿ ಮಕ್ಕಳ ಚಪ್ಲಿ ರಾಶಿ ನೋಡಿ, ಹೊಸದಾಗಿ ಬಂದೋರು ದೇವಸ್ಥಾನ ಅಂತ ಕೈ ಮುಗಿದು ಹೋಗಿದ್ದೂ ಉಂಟು.

ನಗು ಬಂದ್ರೆ ಸದ್ದೇ ಇರ್ತಿರ್ಲಿಲ್ಲ. ಹೆಗಲು ಮಾತ್ರ ಕುಣಿಯೋದು. ಹಿಂದ್ಗಡೆಯಿಂದ ನೋಡ್ದೋರು ಅಳ್ತಾವ್ರೆ ಅಂದ್ಕೋಬೇಕು, ಅಂಗೆ.

ಈಗ ತಲೆ ವಿಚಾರಕ್ಕೆ ಬತ್ತೀನಿ.

ರಜಾದಲ್ಲಿ ಮಕ್ಕಳಿಗೆ ಕ್ಲಾಸು ಇಟ್ಟಿದ್ರು. ಮುಕ್ಕಾಲು ಗಂಟೆ ಪಾಠ, ಕಾಲು ಗಂಟೆ ಆಟ. ಮಕ್ಕಳು ಬರ್ತಿದ್ದಿದ್ದು ಆ ಕಾಲು ಗಂಟೆಗೆ. ಕಂಪ್ಯೂಟ್ರಲ್ಲಿ ಎಂಟು ಜನ ಜಟ್ಟಿಗಳು ಇರೋ ಆಟ, ಇಬ್ಬರು ಮಕ್ಕಳು ಕೂತು ಒಬ್ಬೊಬ್ಬ ಜಟ್ಟೀನ ಆರಿಸ್ಕೊಂಡು ಹೊಡೆದಾಡ್ಸೋದು. ಆ ಎಂಟ್ರಲ್ಲಿ ಒಬ್ಬ ನರಪೇತಲ ಇದ್ದ, ಉದ್ದ ಮೂಗು, ಬೋಳು ತಲೆ. ಅವನ್ನ ಯಾರೂ ಮುಟ್ತಿರ್ಲಿಲ್ಲ. ಎಲ್ಲಾರಿಗೂ ಕೆಂಪು ಪಟ್ಟಿ ಕಟ್ಕೊಂಡಿರೋ ಗುಂಗುರು ಕೂದ್ಲಿನೋನೇ ಬೇಕು.

ಮಿಸ್ಸು ಒಂದಿನ ನಂಗೆ ಹೇಳಿದ್ರು, "ಅಕ್ಕಾ, ಆ ಬಡಕಲ ಒದೆಯೋದು ಕೆಂಪುಪಟ್ಟಿಯೋನಷ್ಟೇ ಜೋರು. ನಾನು ಆಡಿ ನೋಡಿದ್ದೀನಿ. ಮೋರೆ ನೋಡಿ ಬುಟ್ಬುಟ್ಟವ್ರೆ ಪಾಪ."

"ಅವನ ಮೇಲೆ ನಿಮ್ಗ್ಯಾಕ್ರೀ ಪಾಪ? ಮದ್ವೆ ಆಗ್ತೀರಾ?"

"ಆಗ್ತಿದ್ದೆ, ಅವ್ನು ಪರದೆ ಬಿಟ್ಟು ಆಚೆ ಬರಲ್ವಲ್ಲ."

ಮೂರು ವಾರ ಬಿಟ್ಟು ಕೆಂಪುಪಟ್ಟಿಯೋನ ತಲೆ ತೆಗೆದು ಬಡಕಲನ ಮೈ ಮೇಲೆ, ಬಡಕಲನ ತಲೆ ತೆಗೆದು ಕೆಂಪುಪಟ್ಟಿಯೋನ ಮೈ ಮೇಲೆ ಇಟ್ಬುಟ್ರು. ಮಕ್ಕಳು ಓಡಿ ಬಂದು ಗುಂಗುರು ಕೂದ್ಲಿಗೇ ಕಿತ್ತಾಡಿದ್ವು. ಮೈ ಕಡ್ಡಿ ಕಡ್ಡಿ ಆಗಿರೋದು ಒಂದಕ್ಕೂ ಕಾಣ್ಲಿಲ್ಲ. ಮಿಸ್ಸು ಮೂಲೇಲಿ ನಿಂತು ಕಡ್ಲೆಕಾಯಿ ಸುಲೀತಾ ಹೆಗಲು ಕುಣಿಸ್ತಿದ್ರು.

ಎಂಗ್ರೀ ಮಾಡಿದ್ರಿ ಅಂತ ಕೇಳ್ದೆ. ಕೂರಿಸ್ಕೊಂಡು ತೋರಿಸಿದ್ರು. ಒಬ್ಬೊಬ್ಬ ಜಟ್ಟಿಗೂ ನೂರಕ್ಕೆ ಮೇಲೆ ಚಿತ್ರ ಇರ್ತವೆ. ನಿಂತಿರೋದು, ಕಾಲೆತ್ತಿರೋದು, ಒದ್ದಿರೋದು, ಒದೆ ತಿಂದಿರೋದು. ಒಂದಾದ್ಮೇಲೊಂದು ಬೇಗ ಬೇಗ ತೋರ್ಸಿದ್ರೆ ಆಳು ಕುಣಿದಂಗೆ ಕಾಣುತ್ತೆ. ಒಂದು ಚಿತ್ರ ದೊಡ್ಡದು ಮಾಡಿದ್ರೆ ಬರೀ ಚೌಕ, ಪುಟ್ಟ ಪುಟ್ಟ ಬಣ್ಣದ ಚೌಕ. ನಾವು ದಿಂಬಿನ ಚೀಲಕ್ಕೆ ಅಡ್ಡಹೊಲಿಗೆ ಹಾಕ್ತೀವಲ್ಲ, ಗಿಳಿ, ನವಿಲು, ಅಂಗೇನೆ. ತಲೆ ಬದಲಾಯ್ಸಬೇಕು ಅಂದ್ರೆ ಆ ನೂರು ಚಿತ್ರದಲ್ಲೂ ಬದಲಾಯ್ಸಬೇಕು. ಒಂದು ಬಿಟ್ರೂ ಜಟ್ಟಿ ಹಾರೋವಾಗ ಒಂದು ತಲೆ, ಇಳಿಯೋವಾಗ ಇನ್ನೊಂದು ತಲೆ. ಅದ್ರಲ್ಲೂ ಕುತ್ತಿಗೆ. ಒಬ್ಬೊಬ್ಬಂದು ಒಂದೊಂದು ದಪ್ಪ, ಒಂದೊಂದು ಕಡೆ ವಾಲಿರುತ್ತೆ. "ಸುಳ್ಳು ಗೊತ್ತಾಗೋದು ಕುತ್ತಿಗೆ ತಾವ್ಲೇ ಅಕ್ಕಾ" ಅನ್ನೋರು. ಒಂದು ಕುತ್ತಿಗೇಗೆ ಅರ್ಧ ಗಂಟೆ ಕೂತು ಒಂದೊಂದೇ ಚೌಕಕ್ಕೆ ಬಣ್ಣ ತುಂಬೋರು. ಸರಿ ಬರ್ದಿದ್ರೆ ಎಲ್ಲಾನೂ ಅಳಿಸಿ ಮತ್ತೆ. ಅವ್ರ ಕೋಪ ನೋಡ್ಬೇಕಿತ್ತು ಆವಾಗ. ಕರೆಂಟು ಹೋಗ್ಬುಟ್ರಂತೂ ಆಚೆ ಬಂದು ಲೈಟ್ ಕಂಬಾನ ನೋಡಿ ಬಯ್ಯೋರು. ಕಂಬ ಒಂದು ಮಾತೂ ಆಡ್ತಿರ್ಲಿಲ್ಲ.

ಆಮೇಲೆ ಊರೋರ ತಲೆ ಶುರುವಾಯ್ತು. ಮೊದಲ್ನೇದು ನಮ್ಮತ್ತೇದು. ಬಿಳಿ ಕೂದ್ಲು, ಹಣೆ ತುಂಬ ವಿಭೂತಿ, ಬೊಚ್ಚು ಬಾಯಿ, ಎಲ್ಲಾರಿಗಿಂತ ದೊಡ್ಡ ಜಟ್ಟಿ ಮೈ ಮೇಲೆ. ನಮ್ಮತ್ತೆ ಸ್ಟೂಲು ಹಾಕ್ಕೊಂಡು ಕೂತು ತಮ್ಮನ್ನ ತಾವೇ ನೋಡೋರು. "ಬಿಡ್ಲಾ, ಇನ್ನೊಂದು ಬಿಡ್ಲಾ ಅವ್ನ ಮಕಕ್ಕೆ!" ಅಂತ ಕೂಗಿ, ಗೆದ್ದ ಮಗೀಗೆ ಬೆಲ್ಲ ಕೊಡೋರು. ಎರಡ್ನೇದು ನಮ್ಮನೆಯವ್ರದ್ದು. ಒಂದು ನೊಣಾನೂ ಹೊಡೀದ ಮನುಷ್ಯ, ಆಟದಲ್ಲಿ ಗಾಳೀಲಿ ತಿರುಗಿ ತಿರುಗಿ ಒದೆಯೋರು.

ಒಂದು ನೇಮ ಇತ್ತು ಮಿಸ್ಸಿಗೆ. ಕೇಳ್ದೇನೆ ಯಾರ ತಲೇನೂ ತೆಗೀತಿರ್ಲಿಲ್ಲ. ಒಬ್ಬ ಹುಡ್ಗ, ಕಿಟ್ಟಿ ಅಂತ, ಬಂದು ನಮ್ಮಪ್ಪನ ತಲೆ ಇಡಿ ಮಿಸ್, ನಾನು ಒದೀಬೇಕು ಅಂದ. "ನಿಮ್ಮಪ್ಪನ್ನ ಕರ್ಕೊಂಡು ಬಾ, ಒಪ್ಪಿದ್ರೆ ಇಡ್ತೀನಿ" ಅಂದ್ರು. ಬರಲ್ಲ ಅಂದ್ಕೊಂಡಿದ್ವಿ. ಬಂದ್ಬುಟ್ರು! ಪಾತ್ರೆ ಅಂಗಡಿ ಇಟ್ಟಿದ್ದೋರು. ಚಪ್ಲಿ ಬಿಟ್ಟು ಒಳಕ್ಕೆ ಬಂದು, ಎಲ್ಲಾ ನೋಡಿ, ಮಿಸ್ಸಿನ ಹತ್ರ ಬಗ್ಗಿ ಮೆಲ್ಲಗೆ ಕೇಳಿದ್ರು, "ನಂದು ಇಡಿ ತಾಯಿ, ಪರ್ವಾಗಿಲ್ಲ. ನಮ್ಮಣ್ಣಂದೂ ಒಂದು ಇಡಕ್ಕಾಗುತ್ತಾ?"

"ನಿಮ್ಮಣ್ಣ ಒಪ್ಪಬೇಕಲ್ಲ ಸಾ."

"ಅವ್ನು ಮಾತಾಡ್ತಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?"

ಇಡ್ಲಿಲ್ಲ. ನೇಮ ಅಂದ್ರೆ ನೇಮ.

ಇಷ್ಟೆಲ್ಲಾ ತಮಾಷೆ ನಡೀವಾಗ ನಂಗೆ ಬಂತು ಗ್ರಾಚಾರ. ನಾನು ನಮ್ಮ ಬೀದಿ ಹಿಂದಿನ ಪುಟ್ಟ ಸ್ಕೂಲಲ್ಲಿ ಒಂದನೇ ಕ್ಲಾಸಿಗೆ ಟೀಚರ್ ಆಗಿದ್ದೆ. ಮೊದ್ಲಿಂದ್ಲೂ ನಂಗೆ ಒಂದು ಕೆಟ್ಟ ಅಭ್ಯಾಸ, ಯಾರನ್ನ ಕಂಡ್ರೂ ಅಣಕ. ಹೆಡ್ಮೇಡಮ್ಮು ಮೂಗು ಎಳೆಯೋದು, ನಮ್ಮತ್ತೆ ಎಲಡಿಕೆ ಜಗಿಯೋದು, ಎಲ್ಲಾನೂ ಮಾಡಿ ತೋರ್ಸಿ ನಗ್ಸೋದು. ಶಿವರಾತ್ರಿ ಆದ್ಮೇಲೆ ಒಂದು ಬೆಳಿಗ್ಗೆ ಎದ್ದು ಕಾಫಿ ತಗೊಂಡು ಬಂದೆ. ನಮ್ಮನೆಯವ್ರು ಪೇಪರ್ ಮೇಲಿಂದ ನೋಡಿ, "ಬೆಳಿಗ್ಗೆ ಬೆಳಿಗ್ಗೇನೆ ಯಾರನ್ನ ಅಣಕಿಸ್ತಾ ಇದ್ದೀಯೇ?" ಅಂದ್ರು.

"ನನ್ನೇ," ಅಂದ್ರು ಅತ್ತೆ. "ನಂಗೆ ಹಲ್ಲಿಲ್ಲ ಅಂತ ಅಣಕಿಸ್ತಾವ್ಳೆ. ಮಾಡವ್ವ ಮಾಡು."

ಇಲ್ಲ ಅನ್ನಕ್ಕೆ ಬಾಯಿ ತೆಗೆದೆ. ಮಾತು ಬದ್ಲು ಕಾಫಿ ಬಂತು, ಎಡಗಡೆಯಿಂದ, ಸೀರೆ ಮೇಲೆ. ಕನ್ನಡಿ ನೋಡಿದ್ರೆ ಎಡಗಡೆ ಮುಖ ಜೋತು ಬಿದ್ದೈತೆ, ಬಾಯಿ ಬಲಗಡೆಗೆ ಎಳ್ಕೊಂಡೈತೆ, ಎಡಗಣ್ಣು ಮುಚ್ಚಲ್ಲ. ಹಾಸನದ ಡಾಕ್ಟ್ರು ಮುಖದ ನರ ಊದ್ಕೊಂಡೈತೆ, ಹೆದ್ರಬೇಡಿ, ನಿಧಾನಕ್ಕೆ ವಾಪಸ್ಸು ಬರುತ್ತೆ ಅಂದ್ರು. ಎಷ್ಟು ನಿಧಾನ ಅಂತ ಕೇಳಿದ್ರೆ ಹೇಳಕ್ಕಾಗಲ್ಲ ಅಂದ್ರು. ದಿನಾ ಬಲೂನು ಊದಿ, ಪ ಫ ಬ ಭ ಮ ಹೇಳಿ ಅಂದ್ರು. ನೋಡಿ ನನ್ನ ಹಣೇಬರ. ಹದಿನೆಂಟು ವರ್ಷದಿಂದ ಮಕ್ಕಳಿಗೆ ಪ ಫ ಬ ಭ ಮ ಹೇಳ್ಕೊಟ್ಟವ್ಳಿಗೆ ಅದೇ ಐದು ಅಕ್ಷರ ಬರ್ತಿಲ್ಲ. ತುಟಿ ಕೂಡಿದ್ರೆ ತಾನೇ.

ಒಂದು ವಾರ ಬಿಟ್ಟು ಸ್ಕೂಲಿಗೆ ಹೋದೆ. ಮುಂದಿನ ಸಾಲಿನ ಮಗು ನನ್ನ ಮುಖ ನೋಡಿ ಜೋರಾಗಿ ಅತ್ಬುಡ್ತು. ಅದನ್ನ ನೋಡಿ ಪಕ್ಕದ್ದು. ಒಂದನೇ ಕ್ಲಾಸಿನ ಮಕ್ಕಳು ಪುಸ್ತಕ ನೋಡಲ್ಲ, ಟೀಚರ್ ಬಾಯಿ ನೋಡ್ತವೆ. ಅವುಕ್ಕೆ ಬಾಯೇ ಪುಸ್ತಕ. ಹೆಡ್ಮೇಡಮ್ಮು ಒಳ್ಳೇವ್ರೇ. ಆಚೆ ಕರೆದು, "ರಜಾ ತಗಳ್ಳಿ. ಜೂನ್ ತಿಂಗ್ಳು ಸ್ಕೂಲು ತೆಗೆಯೋ ಹೊತ್ತಿಗೆ ಸರಿ ಹೋದ್ರೆ ಬನ್ನಿ. ಇಲ್ದಿದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ, ತಪ್ಪು ತಿಳ್ಕೋಬೇಡಿ" ಅಂದ್ರು. ತಪ್ಪು ತಿಳ್ಕೊಳ್ಳಿಲ್ಲ. ಮನೇಗೆ ಬಂದು ಕನ್ನಡಿ ತಿರುಗ್ಸಿ ಇಟ್ಟೆ. ಮನೇಗೂ ಮಿಸ್ಸಿನ ರೂಮಿಗೂ ಮಧ್ಯ ಇದ್ದ ಬಾಗ್ಲಿಗೆ ಪರದೆ ಹಾಕ್ದೆ. ಹೊಳೆನರಸೀಪುರದಿಂದ ನಮ್ಮಮ್ಮ ನೋಡಕ್ಕೆ ಬರ್ತೀನಿ ಅಂದ್ರೆ ಬೇಡ ಅಂದೆ. ಮಾತಾಡೋವಾಗ ಸೆರಗಿಂದ ಬಾಯಿ ಮುಚ್ಚಿಕೊಳ್ಳೋದು ರೂಢಿ ಆಯ್ತು. ಆಮೇಲೆ ಮಾತೇ ಕಮ್ಮಿ ಆಯ್ತು. ನಾನು ಮಾತು ಕಮ್ಮಿ ಮಾಡಿದ್ದೆ ಅಂದ್ರೆ ನಂಬೋರು ಈ ಗುಂಪಲ್ಲಿ ಯಾರೂ ಇಲ್ಲ ಅಂತ ಗೊತ್ತು, ಆದ್ರೂ ಹೇಳ್ತಿದ್ದೀನಿ.

ಏಪ್ರಿಲ್ ಬಂತು. ಪರದೆ ಆಕಡೆ ರಜಾ ಮಕ್ಕಳ ಗಲಾಟೆ, ಈಕಡೆ ನಾನು ಬಲೂನು ಊದ್ತಾ. ಗಾಳಿಯೆಲ್ಲ ಎಡಗಡೆಯಿಂದ ಸೋರಿ ಹೋಗೋದು. ಒಂದು ಮಧ್ಯಾಹ್ನ ಮಿಸ್ಸು ಪರದೆ ಸರ್ಸಿ ಅಡಿಗೆಮನೇಗೇ ಬಂದ್ರು.

"ಅಕ್ಕಾ, ನಿಮ್ ತಲೆ ಬೇಕಿತ್ತು."

ನಾನು ಸೆರಗು ಎಳ್ಕೊಂಡೆ. "ಈ ಮೋರೆ ಯಾರಿಗ್ರೀ ಬೇಕು?"

"ಮೋರೆ ಯಾರು ಕೇಳಿದ್ರು? ತಲೆ ಕೇಳ್ದೆ."

"ಬೇಡ. ಮಕ್ಕಳು ಹೆದ್ರುಕೊಳ್ತವೆ."

"ಹೆದ್ರುಕೊಂಡ್ರೆ ನಮ್ಮ ಜಟ್ಟೀಗೆ ಒಳ್ಳೇದೇ ಅಲ್ವಾ?"

ಯಾರೂ ನನ್ನ ಹತ್ರ ಅಂಗೆ ಮಾತಾಡ್ತಿರ್ಲಿಲ್ಲ ಆವಾಗ. ಎಲ್ಲಾರೂ ಮೆತ್ತಗೆ, ಅಯ್ಯೋ ಪಾಪ ಅನ್ನೋ ದನೀಲಿ. ಕೋಪ ಬಂತು. ಕೋಪದಲ್ಲೇ "ತಗಳ್ರಿ ಹೋಗ್ರಿ, ಕುಯ್ಕೊಂಡೇ ಹೋಗ್ರಿ" ಅಂದೆ. ಒಪ್ಪಿದಂಗೆ ಆಯ್ತಲ್ಲ! ಮಿಸ್ಸು ತಕ್ಷಣ ಮಕ್ಕಳ ಲೆಕ್ಕದ ಚೌಕದ ಪುಸ್ತಕ ತೆಗೆದು, ಜಡೆಯಿಂದ ಪೆನ್ನು ಕಿತ್ತು ನನ್ನ ಎದ್ರಿಗೆ ಕೂತ್ಬುಟ್ರು.

ಹನ್ನೊಂದು ದಿನ. ದಿನಾ ಮಕ್ಕಳು ಹೋದ್ಮೇಲೆ ಸಾಯಂಕಾಲ ಬಂದು, ನನ್ನ ಈಕಡೆ ತಿರುಗಿ ಆಕಡೆ ತಿರುಗಿ ಅಂತ ಕೂರ್ಸಿ ನೋಡೋರು. ಬಡಗಿ ಮರ ನೋಡ್ತಾನಲ್ಲ, ಅಂಗೆ. ಪಾಪ ಅಂತಿಲ್ಲ, ಹೇಸಿಗೆ ಅಂತಿಲ್ಲ. ಎರಡು ತಿಂಗ್ಳಿಂದ ನನ್ನ ಮುಖಾನ ನೇರವಾಗಿ ಅಷ್ಟು ಹೊತ್ತು ಯಾರೂ ನೋಡಿರ್ಲಿಲ್ಲ. ನಮ್ಮನೆಯವ್ರೂ ಕಿವಿ ನೋಡ್ಕೊಂಡು ಮಾತಾಡೋರು. ಎರಡ್ನೇ ದಿನಕ್ಕೆ ನನ್ನ ಕೈ ಸೆರಗಿಗೆ ಹೋಗೋದು ನಿಂತ್ಕೊಂತು. ಅದು ನಂಗೆ ಗೊತ್ತಾಗಿದ್ದು ಐದನೇ ದಿನಕ್ಕೆ.

ಮೊದಲ್ನೇ ಸಲ ತಲೆ ಇಟ್ಟು ಆಡ್ಸಿದ್ರೆ ಹಣೇಲಿ ತೂತು! ಕುಂಕುಮ ಇರೋ ಜಾಗದಲ್ಲಿ ಆಟದ ಹಿಂದ್ಗಡೆ ಇರೋ ಕೋಟೆ ಗೋಡೆ ಕಾಣ್ತೈತೆ. ಮಿಸ್ಸು ಹಣೆ ಚಚ್ಚಿಕೊಂಡ್ರು. ಆ ಆಟದಲ್ಲಿ ಒಂದು ಗಾಢ ಗುಲಾಬಿ ಬಣ್ಣ ಬಂದ್ರೆ ಅಲ್ಲಿ ಏನೂ ಇಲ್ಲ ಅಂತ ಲೆಕ್ಕವಂತೆ, ಆಳಿನ ಸುತ್ತ ಇರೋ ಖಾಲಿ ಜಾಗಕ್ಕೆ ಅದನ್ನೇ ಬಳೀತಾರಂತೆ. ಕುಂಕುಮ ಚೆನ್ನಾಗಿ ಕಾಣ್ಲಿ ಅಂತ ಆಯಮ್ಮ ಅದೇ ಬಣ್ಣ ಹಾಕಿದ್ರು. ನಮ್ಮತ್ತೆ "ಅಯ್ಯೋ ಮುತ್ತೈದೆ ಹಣೇಲಿ ತೂತು ಕೊರೆದಿದ್ದೀಯಲ್ಲವ್ವ, ತುಂಬ್ಸು ತುಂಬ್ಸು" ಅಂತ ಎದ್ದು ನಿಂತ್ಬುಟ್ರು. ಮತ್ತೆ ನೂರು ಚಿತ್ರದಲ್ಲೂ ಕೂತು ಕೆಂಪು ಹಾಕಿದ್ರು ಪಾಪ.

ಇನ್ನು ಮೈ. ನನ್ನ ತಲೆಗೆ ಸಿಕ್ಕಿದ್ದು ಒಬ್ಬ ಬರೀ ಎದೆ ಬಿಟ್ಕೊಂಡು ಚಡ್ಡಿ ಹಾಕಿರೋ ಪೈಲ್ವಾನ್ ಮೈ. ಥೂ, ರವಿಕೆ ಹಾಕ್ಸಿ ಅಂದೆ. ಹಸಿರು ರವಿಕೆ ಬಳಿದ್ರು. ನಮ್ಮನೆಯವ್ರು ಬಗ್ಗಿ ನೋಡಿ, "ತೋಳು ಅಂಗೇ ಬಿಡಿ ಮಿಸ್, ಅದು ಇವಳದ್ದೇ" ಅಂದ್ರು.

ಹನ್ನೆರಡ್ನೇ ದಿನ ಪರದೆ ಹಿಂದೆ ನಿಂತಿದ್ದೆ. ಮಕ್ಕಳು ಬಂದ್ವು, ಕಾಲು ಗಂಟೆ ಆಟ ಶುರುವಾಯ್ತು. ಮಿಸ್ಸು ಯಾರ ತಲೆ ಅಂತ ಯಾರಿಗೂ ಹೇಳಿರ್ಲಿಲ್ಲ.

"ಏ, ನಮ್ಮ ಟೀಚರ್!" ಅದು ಸೌಮ್ಯ ಅನ್ನೋ ಹುಡ್ಗಿ ದನಿ, ಆ ವರ್ಷ ನನ್ನ ಕ್ಲಾಸಲ್ಲಿದ್ದೋಳು. "ಟೀಚರ್ ಕಣ್ರೋ!"

"ಎಲ್ಲೇ?"

"ಅಲ್ಲಿ ನೋಡು, ಹಸಿರು ರವಿಕೆ. ನಂಗೆ ಟೀಚರ್ ಬೇಕು!"

"ನಾನು ಮೊದ್ಲು ಕೂತಿದ್ದು ಕಣೇ, ನಂಗೆ ಟೀಚರ್, ನೀನು ಅಜ್ಜಿ ತಗೋ." ಇದು ಕಿಟ್ಟಿ.

"ದಿನಾ ಅಜ್ಜಿ ನಾನೇನಾ? ಮಿಸ್, ನೋಡಿ ಮಿಸ್ ಇವನ್ನ!"

ಪರದೆ ಹಿಂದೆ ನಂಗೆ ನಗು, ಕಣ್ಣೀರು ಎರಡೂ. ಎಡಗಣ್ಣಲ್ಲಿ ಎಂಗೂ ನೀರು ಸೋರ್ತಾನೇ ಇತ್ತು ಬಿಡಿ, ಅದು ಲೆಕ್ಕಕ್ಕಿಲ್ಲ.

ಸಾಯಂಕಾಲ ಮಿಸ್ಸಿನ ಹತ್ರ ಹೋದೆ. ಕಂಪ್ಯೂಟ್ರಲ್ಲಿ ನನ್ನ ತಲೆ ದೊಡ್ಡದು ಮಾಡ್ಸಿ ನೋಡ್ದೆ. ಕನ್ನಡಕ ಐತೆ, ಕುಂಕುಮ ಐತೆ, ಮೂಗುಬೊಟ್ಟು ಐತೆ, ತುರುಬು, ತುರುಬಿಗೆ ಕನಕಾಂಬರ. ಬಾಯಿ ನೆಟ್ಟಗೈತೆ.

"ಇದು ಸುಳ್ಳು," ಅಂದೆ. "ಬಾಯಿ ನೆಟ್ಟಗೆ ಮಾಡಿದ್ದೀರ. ನನ್ನ ಮೇಲೆ ಪಾಪ ಅಂತ ತಾನೇ?"

ಮಿಸ್ಸಿಗೆ ಸಿಟ್ಟು ಬಂತು. "ಪಾಪ ಅಂತ ಒಂದು ಚೌಕಾನೂ ಹಾಕೋಳಲ್ಲ ನಾನು. ಎಣಿಸಿ ನೋಡಿ, ನಿಮ್ಗೆ ಎಣಿಕೆ ಬರುತ್ತಲ್ಲ. ತಲೆ ಅಗಲ ಹದಿನೈದು ಚೌಕ. ಕನ್ನಡಕ ಎಂಟು ತಿಂತು. ತುರುಬು ನಾಕು, ಮೂಗು ಒಂದು ತಿಂತು. ಬಾಯಿಗೆ ಸಿಕ್ಕಿದ್ದು ಎರಡು. ಎರಡು ಚೌಕದಾಗೆ ಸೊಟ್ಟ ಎಲ್ಲಿಂದ ತರ್ಲಿ ನಾನು?"

ಎಣಿಸ್ದೆ. ನಿಜ. ಎರಡೇ.

"ಜನ ನೋಡೋದೂ ಅಷ್ಟೇ ಕಣಕ್ಕಾ" ಅಂದ್ರು ಸ್ವಲ್ಪ ತಣ್ಣಗಾಗಿ. "ಕನ್ನಡಕ, ಕುಂಕುಮ, ತುರುಬು. ಟೀಚರ್ ಅಂದ್ಬುಡ್ತಾರೆ. ಎರಡು ಚೌಕಾನ ನೀವೊಬ್ರೇ ದೊಡ್ಡದು ಮಾಡ್ಕೊಂಡು ಕೂತಿದ್ದೀರ."

ನಾನು ಬಿಡ್ಬೇಕಲ್ಲ, ನನ್ನ ಹಟ ಗೊತ್ತಲ್ಲ ನಿಮ್ಗೆ. "ಆದ್ರೂ ಸೊಟ್ಟ ಹಾಕಿ. ನನ್ನ ತಲೆ ಅಂದ್ಮೇಲೆ ನನ್ನ ತಲೆನೇ ಇರ್ಬೇಕು."

ರಾತ್ರಿಯೆಲ್ಲ ಕೂತು ಒಂದೊಂದು ಚಿತ್ರದಲ್ಲೂ ಒಂದು ಚೌಕಾನ ಒಂದು ಮೆಟ್ಟಿಲು ಕೆಳಗಿಳಿಸಿದ್ರು. ಅಷ್ಟೇ. ಮಾರನೇ ದಿನ ಮಕ್ಕಳು ಆಡಕ್ಕೆ ಕೂತ್ವು. ಆಟದಲ್ಲಿ ಬಲಕ್ಕೆ ತಿರುಗಿರೋ ಚಿತ್ರ ಮಾತ್ರ ಇರೋದು, ಎಡಕ್ಕೆ ತಿರುಗಿದ್ರೆ ಅದನ್ನೇ ಕನ್ನಡಿ ತರ ತಿರುವಿ ತೋರ್ಸುತ್ತೆ. ಅಂಗಾಗಿ ನಾನು ಈಕಡೆ ತಿರುಗಿದ್ರೆ ಈಕಡೆ ಸೊಟ್ಟ, ಆಕಡೆ ತಿರುಗಿದ್ರೆ ಆಕಡೆ ಸೊಟ್ಟ, ಮೂಗುಬೊಟ್ಟೂ ಅದ್ರ ಹಿಂದೇನೆ ಓಡಾಡ್ತೈತೆ.

"ಟೀಚರ್ ಎಲಡಿಕೆ ಹಾಕ್ಕೊಂಡವ್ರೆ!" ಅಂದ ಕಿಟ್ಟಿ.

"ಇಲ್ಲ ಕಣೋ, ನಗ್ತಾವ್ರೆ," ಅಂದ್ಳು ಸೌಮ್ಯ.

"ಇಲ್ಲ, ಚಕ್ಲಿ!"

ನಂಗೆ ತಡ್ಕಳಕ್ಕಾಗ್ಲಿಲ್ಲ. ಪರದೆ ಸರ್ಸಿ ಆಚೆ ಬಂದು, "ಎಲಡಿಕೇನೂ ಅಲ್ಲ, ಚಕ್ಲೀನೂ ಅಲ್ಲ, ನನ್ನ ಬಾಯಿ ಸೊಟ್ಟ ಆಗೈತೆ ಕಣ್ರೋ" ಅಂದೆ. ಬ ಅನ್ನೋವಾಗ ಪಿಸ್ ಅಂತ ಗಾಳಿ ಹೋಯ್ತು. ಸೌಮ್ಯ ನನ್ನ ಮುಖ ನೋಡಿದ್ಳು. ಕಂಪ್ಯೂಟ್ರು ನೋಡಿದ್ಳು. ಮತ್ತೆ ನನ್ನ ಮುಖ ನೋಡಿದ್ಳು. ಆಮೇಲೆ ಮಿಸ್ಸಿನ ಕಡೆ ತಿರುಗಿ ಹೇಳಿದ್ಳು:

"ಸರಿಯಾಗೈತೆ ಮಿಸ್."

ಅಷ್ಟು ಹೇಳಿ ಆಟಕ್ಕೆ ಕೂತ್ಕೊಂಡ್ಳು.

ಮಿಸ್ಸಿನ ಬಗ್ಗೆ ಇನ್ನೂ ಹೇಳೋದು ಬೇಕಾದಷ್ಟೈತೆ. ಕೊಟ್ಟ ಡಬ್ಬಿ ವಾಪಸ್ಸು ಕೊಡ್ತಿರ್ಲಿಲ್ಲ, ನನ್ನ ಸಾರಿನ ಪಾತ್ರೆಗಳೆಲ್ಲಾ ಅಲ್ಲಿ ಕಡ್ಲೆಕಾಯಿ ಸಿಪ್ಪೆ ತುಂಬ್ಕೊಂಡು ಕೂತಿರೋವು. ಒಂದು ಸಲಾನೂ ಗೊತ್ತಿಲ್ಲ ಅಂದಿದ್ದು ಕೇಳಿಲ್ಲ, "ನೋಡನ ಬನ್ನಿ" ಅನ್ನೋರು. ಮದ್ವೆ ಯಾಕಾಗ್ಲಿಲ್ಲ ಅಂತ ಬೀದಿ ಹೆಂಗಸ್ರು ಕೇಳಿದ್ರೆ, "ತಲೆ ಸಿಕ್ತು, ಕುತ್ತಿಗೆ ಕೂಡ್ಲಿಲ್ಲ" ಅಂದ್ಬುಟ್ಟು ಶೂ ಕಟ್ಕೊಂಡು ಹೋಗೋರು. ತಮ್ಮ ತಲೆ ಮಾತ್ರ ಯಾವತ್ತೂ ಆಟಕ್ಕೆ ಇಡ್ಲಿಲ್ಲ. ಒಂದೆರಡು ವರ್ಷ ಕಳೆದು ಹಾಸನದ ಒಂದು ಕಾಲೇಜಲ್ಲಿ ಕೆಲ್ಸ ಸಿಕ್ತು, ಅದೇ ದುಪ್ಪಟಿ ಸುತ್ಕೊಂಡು ಹೊರಟ್ರು. ನಮ್ಮತ್ತೆ ಮತ್ತೆ ಇಳೆ ತೆಗೆದ್ರು. ಆಮೇಲೆ ಹಾಸನಕ್ಕೆ ಹೋದಾಗೆಲ್ಲ ನೋಡ್ಕೊಂಡು ಬರ್ತಿದ್ದೆ. ಒಂದು ಸಲಾನೂ ನಾನು ಥ್ಯಾಂಕ್ಸ್ ಅಂತ ಹೇಳಿಲ್ಲ. ಹೇಳಿದ್ರೆ ಬಯ್ಯೋರು.

ಹೇಳ್ಬೇಕಾಗಿದ್ದು ಅದೇ ವರ್ಷ ಜೂನಲ್ಲಿ ಸ್ಕೂಲು ತೆಗೆದ ಬೆಳಿಗ್ಗೆ. ಬಾಯಿ ಪೂರ್ತಿ ಸರಿ ಹೋಗಿರ್ಲಿಲ್ಲ. ಕಣ್ಣು ಮುಚ್ಚೋದು ಬಂದಿತ್ತು, ಕಾಫಿ ಸೋರೋದು ನಿಂತಿತ್ತು. ಪ ಫ ಬ ಭ ಮ ಮಾತ್ರ, ಬಾಯಿ ಪೂರಾ ಬಲಗಡೆಗೆ ಎಳೆದು ಹಿಡಿದ್ರೆ ಬರೋದು, ಇಲ್ದಿದ್ರೆ ಇಲ್ಲ. ಹೆಡ್ಮೇಡಮ್ಮು, "ಒಂದು ದಿನ ನೋಡನ, ಮಕ್ಕಳು ಅತ್ರೆ ಮಾತ್ರ..." ಅಂದ್ರು. ಮಿಸ್ಸು ನಂಗೆ ಹೇಳ್ದೇನೆ ತಮ್ಮ ರೂಮಿಗೆ ಬೀಗ ಹಾಕಿ ಸ್ಕೂಲು ಕಿಟಕಿ ಹತ್ರ ಬಂದು ನಿಂತಿದ್ರು.

ಹೊಸಾ ಮಕ್ಕಳು, ಮೂವತ್ತು. ಒಂದಕ್ಕೂ ನಾನು ಗೊತ್ತಿಲ್ಲ. ಅ ಆ ಆಯ್ತು, ಕ ಖ ಆಯ್ತು. ಹೆಡ್ಮೇಡಮ್ಮು ಬಾಗ್ಲಲ್ಲಿ ನಿಂತವ್ರೆ. ಬೋರ್ಡ್ ಮೇಲೆ ಐದು ಅಕ್ಷರ ಬರೆದೆ. ತಿರುಗಿ, ಬಾಯಿ ಬಲಗಡೆಗೆ ಎಳೆದು ಹಿಡಿದು ಜೋರಾಗಿ ಹೇಳ್ದೆ:

"ಪ!"

ಮೂವತ್ತು ಮಕ್ಕಳೂ ನನ್ನ ಬಾಯೇ ನೋಡ್ತಿದ್ವು. ಒಂದೂ ಅಳ್ಲಿಲ್ಲ. ಮೂವತ್ತೂ ತಮ್ಮ ತಮ್ಮ ಬಾಯಿ ಬಲಗಡೆಗೆ ಎಳೆದು ಹಿಡಿದು ಒಟ್ಟಿಗೆ ಕೂಗಿದ್ವು:

"ಪ!"

ನಾನು "ಫ" ಅಂದೆ. ಮೂವತ್ತು ಬಾಯಿ ಸೊಟ್ಟ. "ಬ" ಅಂದೆ. ಇನ್ನೂ ಸೊಟ್ಟ. ಒಂದು ಹುಡ್ಗ ಕೈಯಲ್ಲಿ ಕೆನ್ನೆ ಎಳ್ಕೊಂಡು ಹೇಳ್ತವ್ನೆ, ಸರಿಯಾಗಿ ಬರ್ಲಿ ಅಂತ. ಊರೋರ್ನೆಲ್ಲ ಅಣಕಿಸ್ಕೊಂಡು ತಿರುಗಿದ್ದೋಳು ನಾನು, ಈಗ ನನ್ನನ್ನೇ ಮೂವತ್ತು ಜನ. ಅವುಕ್ಕೆ ಅದು ಅಣಕ ಅಲ್ಲ, ಅದೇ ಅಕ್ಷರ. ಹೆಡ್ಮೇಡಮ್ಮು ಮೂಗು ಎಳ್ಕೊಂಡು, ನಗು ತಡೀಲಾರದೆ ಆಚೆಗೆ ಹೋದ್ರು. ನಾನು ಬೋರ್ಡ್ ಹಿಡ್ಕೊಂಡು ನಕ್ಕೆ. ಸೆರಗಿನ ಜ್ಞಾಪಕಾನೇ ಬರ್ಲಿಲ್ಲ.

ಕಿಟಕಿ ಕಡೆ ನೋಡಿದ್ರೆ ಮಿಸ್ಸು ಸರಳು ಹಿಡ್ಕೊಂಡು ನಿಂತವ್ರೆ, ಹೆಗಲು ಕುಣೀತೈತೆ. ಉಸ್ರು ತಗೊಂಡು ಒಳಕ್ಕೆ ಕೇಳೋ ಅಂಗೆ ಹೇಳಿದ್ರು:

"ಏನಕ್ಕಾ ನೀವು! ಒಂದು ತಲೆ ಬದಲಾಯ್ಸಕ್ಕೆ ನಂಗೆ ಹನ್ನೊಂದು ದಿನ ಹಿಡೀತು. ನೀವು ಒಂದೇ ಬೆಳಿಗ್ಗೆಗೆ ಮೂವತ್ತು ಬದಲಾಯ್ಸಿಬುಟ್ರಲ್ಲ!"